ಹೆದ್ದಾರಿಗೆ ಹೋದ ತೋಟದ ದುಡ್ಡಲ್ಲಿ ಅಂಗಡಿ ತಗೊಳ್ಳಬೇಕು: ಸದಾಶಿವಗಡವೋ, ಕಾರವಾರ ಪೇಟೆಯೋ, ಶಿರಸಿಯೋ?

ಬೇಲೇಕೇರಿಯವ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಅಂಕೋಲಾ ತಾಲೂಕಿನಲ್ಲಿ. ಹೆದ್ದಾರಿ 66 ಅಗಲ ಮಾಡುವಾಗ ಅಪ್ಪನ ತೋಟದ ಮುಂದಿನ ಪಟ್ಟಿ ಹೋಯಿತು, 23 ತೆಂಗಿನಮರ. ಪರಿಹಾರ ಬಂದು ವರ್ಷಗಳೇ ಆದವು. ಆ ದುಡ್ಡು, ನನ್ನ ಉಳಿತಾಯ ಎಲ್ಲ ಸೇರಿ ಈಗ 48 ಲಕ್ಷ ಎಫ್‌ಡಿಯಲ್ಲಿದೆ. ಅಪ್ಪ ಈಗ ಇಲ್ಲ. ಅಮ್ಮನದು ಒಂದೇ ಮಾತು, ಭೂಮಿಯ ದುಡ್ಡು ಭೂಮಿಗೇ ಹೋಗಬೇಕು ಅಂತ. ಅಮ್ಮನ ಔಷಧಿಗೆ, ಮನೆ ಖರ್ಚಿಗೆ ತಿಂಗಳು ತಿಂಗಳು ಬಾಡಿಗೆ ಬರಬೇಕು, ನಾಳೆ ಬೆಲೆಯೂ ಏರಬೇಕು. ಇಷ್ಟೇ ನನ್ನ ಲೆಕ್ಕ.

ಮೂರು ಕಡೆ ನೋಡಿದ್ದೇನೆ. ಒಂದು, ಸದಾಶಿವಗಡದ ಆಚೆ ಹೆದ್ದಾರಿಗೆ ತಾಗಿಕೊಂಡು ಮೂರು ಗುಂಟೆ ಖಾಲಿ ಜಾಗ. ಏಜೆಂಟ್ ಹೇಳುವುದು ನೇವಿ ಬೆಳೆಯುತ್ತಿದೆ, ಗೋವಾ ಹತ್ತಿರ, ಐದು ವರ್ಷದಲ್ಲಿ ಡಬಲ್ ಅಂತ. ಎರಡು, ಕಾರವಾರ ಪೇಟೆ ಒಳಗೆ ಹಳೆ ಕಟ್ಟಡದ ನೆಲಮಹಡಿಯಲ್ಲಿ 240 ಚದರಡಿ ಅಂಗಡಿ, 38 ಲಕ್ಷ ಕೇಳುತ್ತಿದ್ದಾರೆ. ಮೂರು, ಶಿರಸಿಯ ಯಲ್ಲಾಪುರ ರಸ್ತೆಯಲ್ಲಿ ಹೊಸ ಕಾಂಪ್ಲೆಕ್ಸ್, ಮೊದಲ ಮಹಡಿ, 320 ಚದರಡಿ, 28 ಲಕ್ಷ. ನಾನು ಕೆಲಸ ಮಾಡುವುದು ಹುಬ್ಬಳ್ಳಿಯಲ್ಲಿ, ಪದೇ ಪದೇ ಬಂದು ನೋಡಲು ಆಗುವುದಿಲ್ಲ. ಯಾವ ಕಡೆ ಬೆಳವಣಿಗೆ ಇದೆ ಅಂತ ಹೇಗೆ ಗುರುತಿಸುವುದು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಕಾಳಿದಂಡೆ:

ನಾನು ಕಾರವಾರದಲ್ಲಿ 17 ವರ್ಷದಿಂದ ಝೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ ಇಟ್ಟವನು. ಬಾಡಿಗೆ ಕೊಡುವವನ ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ನಾಳೆ ನಿಮಗೆ ದುಡ್ಡು ಕೊಡುವವರು ನನ್ನಂಥವರೇ.

ನೇವಿ ಮಾತು ಮೊದಲು. ಕದಂಬ ನೌಕಾನೆಲೆ ಶುರುವಾದದ್ದು 2005ರಲ್ಲಿ. ಅವತ್ತಿನಿಂದ ಕೇಳುತ್ತಲೇ ಇದ್ದೇವೆ, ಊರು ಬದಲಾಗುತ್ತದೆ ಅಂತ. ಬದಲಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಹೇಗೆ ಅಂತ ನೋಡಬೇಕು. ನೆಲೆ ಇರುವುದು ಅರಗಾ ಕಡೆ, ಅಂದರೆ ಪೇಟೆಯಿಂದ ದಕ್ಷಿಣಕ್ಕೆ. ಹೊಸ ವಸತಿ ಕಟ್ಟಡಗಳೂ ಅಮದಳ್ಳಿ ಸುತ್ತಮುತ್ತ. ನಿಮ್ಮ ಜಾಗ ಇರುವುದು ಕಾಳಿ ನದಿ ದಾಟಿ ಉತ್ತರಕ್ಕೆ. ನೇವಿಯವರಿಗೆ ಕ್ಯಾಂಟೀನ್ ಒಳಗೇ ಇದೆ, ಆಸ್ಪತ್ರೆ ಒಳಗೇ ಇದೆ. ಅವರು ಹೊರಗೆ ಬರುವುದು ಮಕ್ಕಳ ಬಟ್ಟೆಗೆ, ಮೀನಿಗೆ, ಹೋಟೆಲಿಗೆ, ಮೊಬೈಲ್ ರಿಪೇರಿಗೆ. ಅದಕ್ಕೆ ಪೇಟೆಗೇ ಬರುತ್ತಾರೆ. ಸದಾಶಿವಗಡ ದಾಟಿ ಯಾರು ಹೋಗುತ್ತಾರೆ ಹೇಳಿ?

ಎರಡನೆಯದು, ಹೆದ್ದಾರಿಗೆ ತಾಗಿದ ಜಾಗ ಅಂದರೆ ಮೊದಲು ಚಿನ್ನ ಅನ್ನುತ್ತಿದ್ದರು. ರಸ್ತೆ ಎರಡು ಪಥ ಇದ್ದಾಗ ಅದು ನಿಜವೇ. ಡ್ರೈವರ್‌ಗೆ ಚಹಾ ಬೇಕು ಅನಿಸಿದರೆ ಎಡಕ್ಕೋ ಬಲಕ್ಕೋ ನಿಲ್ಲಿಸುತ್ತಿದ್ದ. ಈಗ ನಡುವೆ ಡಿವೈಡರ್ ಇದೆ. ಎದುರು ಬದಿಯ ಗಾಡಿ ನಿಮ್ಮ ಅಂಗಡಿ ನೋಡಿಯೂ ಬರಲು ಆಗುವುದಿಲ್ಲ, ತಿರುವು ಮುಂದೆಲ್ಲೋ ಇರುತ್ತದೆ. ನನ್ನ ಭಾವನ ಹೋಟೆಲು ಹೀಗೇ ಹೋಯಿತು. ದಿನಕ್ಕೆ ಮೂವತ್ತು ಲೀಟರ್ ಹಾಲು ಬೇಕಾಗುತ್ತಿದ್ದಲ್ಲಿ ಎಂಟಕ್ಕೆ ಇಳಿಯಿತು, ಆಮೇಲೆ ಬಾಗಿಲು ಹಾಕಿದರು. ಊರೊಳಗೂ ಹಾಗೇ. ಮೇಲ್ಸೇತುವೆ ಮತ್ತು ಬೈತಕೋಲ್-ಬಿಣಗಾ ಸುರಂಗ ಆದ ಮೇಲೆ ಗೋವಾ ಗಾಡಿಗಳು ಪೇಟೆಯ ಮುಖ ನೋಡದೇ ದಾಟಿ ಹೋಗುತ್ತವೆ. ಗಾಡಿ ಎಷ್ಟು ಓಡುತ್ತವೆ ಅಂತ ಎಣಿಸಬೇಡಿ, ಎಷ್ಟು ನಿಲ್ಲುತ್ತವೆ ಅಂತ ಎಣಿಸಿ.

ಇನ್ನು ಸೇತುವೆ. 2024ರ ಆಗಸ್ಟ್ 6ರ ರಾತ್ರಿ ಕಳೆದು 7ರ ನಸುಕಿಗೆ ಕಾಳಿಯ ಹಳೆ ಸೇತುವೆ ಕುಸಿಯಿತು. ಅದಾದ ಮೇಲೆ ಎರಡೂ ಕಡೆಯ ಗಾಡಿಗಳು ಒಂದೇ ಸೇತುವೆ ಮೇಲೆ. ಸದಾಶಿವಗಡದವರು ಕಾರವಾರಕ್ಕೆ ಬಂದೇ ಬರುತ್ತಾರೆ, ಅವರಿಗೆ ಕಚೇರಿ, ಕೋರ್ಟು, ಕಾಲೇಜು ಇಲ್ಲೇ. ಕಾರವಾರದವರು ಸಾಮಾನು ತರಲು ಅಲ್ಲಿಗೆ ಹೋಗುವುದಿಲ್ಲ. ಹೊಳೆ ಇದ್ದ ಊರಲ್ಲಿ ವ್ಯಾಪಾರ ಯಾವ ದಡಕ್ಕೆ ಅಂತ ನೋಡಿಯೇ ದುಡ್ಡು ಹಾಕಬೇಕು.

ಪೇಟೆ ಒಳಗಿನ ಅಂಗಡಿ ಬಗ್ಗೆ ನನಗೆ ನಂಬಿಕೆ ಇದೆ. ಕಾರಣ ಸರಳ. ಇದು ಜಿಲ್ಲಾ ಕೇಂದ್ರ. ಜೋಯಿಡಾದವರು, ಹಳಿಯಾಳದವರು, ಭಟ್ಕಳದವರು ಎಲ್ಲರೂ ಡಿಸಿ ಆಫೀಸಿಗೆ ಇಲ್ಲಿಗೇ ಬರಬೇಕು. ಬೆಳಿಗ್ಗೆ ಬಸ್ಸಿಗೆ ಇಳಿದವರಿಗೆ ಝೆರಾಕ್ಸ್ ಬೇಕು, ತಿಂಡಿ ಬೇಕು, ಫೋಟೋ ಬೇಕು, ಸಹಿ ಆಗದಿದ್ದರೆ ರೂಮು ಬೇಕು. ಮೆಡಿಕಲ್ ಕಾಲೇಜು ಆಸ್ಪತ್ರೆ ಆದ ಮೇಲೆ ಅದರ ಸುತ್ತ ಔಷಧಿ ಅಂಗಡಿ, ಲ್ಯಾಬು, ಊಟದ ಮನೆ ಸುಮ್ನೆ ಬೆಳೆದಿಲ್ಲ. ರೋಗಿಯ ಜೊತೆ ಬಂದವರು ಮಳೆಗಾಲದಲ್ಲೂ ಊಟ ಮಾಡಲೇಬೇಕು ಅಲ್ವಾ. ನೀವು ಬೆಳವಣಿಗೆ ಹುಡುಕುವುದಾದರೆ ಅಂಥ ಜನರನ್ನು ಹುಡುಕಿ, ಬರಲೇಬೇಕಾದ ಜನ. ಬೀಚಿಗೆ ಬರುವವರು ಮನಸ್ಸಿದ್ದರೆ ಬರುತ್ತಾರೆ.

ಮತ್ತೆ ಒಂದು ಮಾತು. ಆ ಅಂಗಡಿ ನೋಡಲು ಹೋದಾಗ ಶಟರ್ ಕೆಳಗೆ ಇಳಿಸಿ ನೋಡಿ. ನಮ್ಮ ಉಪ್ಪು ಗಾಳಿಗೆ ಎಲ್ಲ ಶಟರೂ ತುಕ್ಕು ಹಿಡಿಯುತ್ತದೆ, ಅದು ಚುಕ್ಕಿ ಚುಕ್ಕಿಯಾಗಿ ಮೇಲಿನಿಂದ ಕೆಳಗಿನವರೆಗೂ ಇರುತ್ತದೆ. ಆದರೆ ಕೆಳಗಿನ ಗೇಣುದ್ದ ಮಾತ್ರ ಗೆರೆ ಎಳೆದ ಹಾಗೆ ಕೊಳೆತು ಹೋಗಿದ್ದರೆ ಅಲ್ಲಿ ನೀರು ನಿಲ್ಲುತ್ತದೆ ಅಂತ ಅರ್ಥ. ಹೊಸ ಬಣ್ಣ ಹೊಡೆದಿದ್ದರೆ ಒಳಗಿನ ಬದಿ ನೋಡಿ, ಒಳಗೆ ಯಾರೂ ಬಣ್ಣ ಹೊಡೆಯುವುದಿಲ್ಲ.

ಮೋಜಣಿ ನಿವೃತ್ತ:

ಮೇಲಿನವರು ವ್ಯಾಪಾರ ಹೇಳಿದರು, ನಾನು ಕಾಗದ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಜಾಗದ ಬೆಲೆ ಅರ್ಧ ಕಾಗದದಲ್ಲೇ ಇರುತ್ತದೆ.

ಸದಾಶಿವಗಡದ ಮೂರು ಗುಂಟೆ. ಮೊದಲು ಕೇಳಬೇಕಾದದ್ದು ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಪರಿವರ್ತನೆ, ಆಗಿದೆಯೋ ಇಲ್ಲವೋ. ಆಗಿದೆ ಅಂದರೆ ಆದೇಶದ ಪ್ರತಿ ಕೈಗೆ ತಗೊಂಡು ಯಾವ ಉದ್ದೇಶಕ್ಕೆ ಅಂತ ಓದಿ. ವಾಸಕ್ಕೆ ಅಂತ ಆದ ಜಾಗದಲ್ಲಿ ಅಂಗಡಿ ಕಟ್ಟಿದರೆ ಮುಂದೆ ತೊಂದರೆ. ಈಗಲೂ ಪಹಣಿಯಲ್ಲೇ ಇದ್ದರೆ ಮೂರು ಗುಂಟೆ ಕತ್ತರಿಸಿ ಕೊಡಲು ಆ ಭಾಗ ಅಳೆದು ತೋರಿಸುವ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು. ನಕ್ಷೆ ಇಲ್ಲದೆ ಬೇಲಿ ತೋರಿಸಿ ಮಾರುವವರಿಗೆ ಒಂದು ರೂಪಾಯಿ ಮುಂಗಡ ಕೊಡಬೇಡಿ.

ಆಮೇಲೆ ಹೆದ್ದಾರಿ ಕಟ್ಟಡ ರೇಖೆ. ಊರ ಹೊರಗೆ ರಾಷ್ಟ್ರೀಯ ಹೆದ್ದಾರಿಯ ನಡುಮಧ್ಯದಿಂದ 40 ಮೀಟರ್ ಒಳಗೆ ಕಟ್ಟಡ ಕಟ್ಟುವ ಹಾಗಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಹೆದ್ದಾರಿಯ ಜಾಗ 45 ಮೀಟರ್ ಅಗಲ ಅಂತಿಟ್ಟುಕೊಂಡರೆ ಅದರ ಅರ್ಧ ಇಪ್ಪತ್ತೆರಡೂವರೆ. ಉಳಿದ ಹದಿನೇಳೂವರೆ ಮೀಟರ್ ನಿಮ್ಮ ಜಾಗದಲ್ಲೇ ಖಾಲಿ ಬಿಡಬೇಕು. ಮೂರು ಗುಂಟೆ ಅಂದರೆ ಸುಮಾರು 33 ಅಡಿ ಅಗಲ, 99 ಅಡಿ ಉದ್ದ, ಅಂದರೆ ಉದ್ದ 30 ಮೀಟರ್. ಕಟ್ಟಲು ಉಳಿಯುವುದು ಹನ್ನೆರಡೂವರೆ ಮೀಟರ್. ನೀವು ದುಡ್ಡು ಕೊಡುವುದು ಮೂರು ಗುಂಟೆಗೆ, ಅಂಗಡಿ ಬರುವುದು ಒಂದೂಕಾಲು ಗುಂಟೆಯಲ್ಲಿ. ಅದರ ಮೇಲೆ ಹೆದ್ದಾರಿಯಿಂದ ಒಳಗೆ ಗಾಡಿ ಬರಲು ದಾರಿಗೆ ಬೇರೆ ಅನುಮತಿ.

ಹೊಳೆ ಹತ್ತಿರ ಇದ್ದರೆ ಇನ್ನೊಂದು. ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಸಮುದ್ರಕ್ಕೆ ಮಾತ್ರ ಅಂತ ಜನ ತಿಳಿದಿದ್ದಾರೆ. ಸಮುದ್ರದ ಭರತ ರೇಖೆಯಿಂದ 500 ಮೀಟರ್ ತನಕ ಅದು ಇದೆ ನಿಜ, ಪಂಚಾಯಿತಿ ಪ್ರದೇಶದಲ್ಲಿ ಹೆಚ್ಚಿನ ಕಡೆ ಮೊದಲ 200 ಮೀಟರಿನಲ್ಲಿ ಹೊಸ ಕಟ್ಟಡಕ್ಕೇ ಅವಕಾಶ ಇಲ್ಲ. ಜನ ತುಂಬಾ ದಟ್ಟವಾಗಿರುವ ಹಳ್ಳಿಗಳಿಗೆ ಅದನ್ನು 2019ರ ಅಧಿಸೂಚನೆಯಲ್ಲಿ 50 ಮೀಟರ್ ಮಾಡಿದರು. ಆದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಹೊಳೆಗಳಲ್ಲಿ ಉಪ್ಪುನೀರು ಏರುವಷ್ಟು ದೂರ ದಂಡೆಗೂ ನಿಯಮ ಇದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗೆ ಕೆಂಪು ಮಣ್ಣು ಸುರಿದು ಸೈಟ್ ಅಂತ ತೋರಿಸುವವರಿದ್ದಾರೆ. ಮಣ್ಣಿನ ಅಂಚಿಗೆ ಹೋಗಿ ಕೆಳಗೆ ನೋಡಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರು ಕಂಡರೆ ಹಾಗೇ ಮನೆಗೆ ಬನ್ನಿ.

ಗುಡ್ಡ ಕಡಿದ ಕಡೆಯೂ ಬೇಡ. ಶಿರೂರಿನಲ್ಲಿ 2024ರ ಜುಲೈ 16ರಂದು ಏನಾಯಿತು ಅಂತ ಅಂಕೋಲೆಯವರಿಗೆ ನಾನು ಹೇಳಬೇಕಾಗಿಲ್ಲ. ಗುಡ್ಡ ಕುಸಿದು ರಸ್ತೆ ಬದಿಯ ಚಹಾ ಹೋಟೆಲಿನವರು ಮನೆಮಂದಿ ಸಮೇತ ಹೋದರು. ಅಲ್ಲಿಯೂ ಹೆದ್ದಾರಿಗೆ ತಾಗಿದ ಜಾಗವೇ ಇದ್ದದ್ದು.

ಪೇಟೆ ಅಂಗಡಿಗೆ ಇ-ಖಾತಾ ಕೇಳಿ. 30 ವರ್ಷದ ಋಣಭಾರ ಪತ್ರ ತೆಗೆಸಿ. ಹಳೆ ಕಟ್ಟಡ ಅಂದರೆ ಅಣ್ಣತಮ್ಮಂದಿರ ಪಾಲು ಆಗಿದೆಯಾ, ಮುಂಬಯಿಯಲ್ಲಿ ಇರುವ ಒಬ್ಬ ಅಕ್ಕನ ಸಹಿ ಬಾಕಿ ಇದೆಯಾ, ಇದನ್ನು ವಕೀಲರ ಹತ್ತಿರ ನೋಡಿಸಿ. ಒಳಗೆ ಹಳೆ ಬಾಡಿಗೆದಾರ ಪಗಡಿ, ಅಂದರೆ ಒಮ್ಮೆಲೇ ದೊಡ್ಡ ಮೊತ್ತ, ಕೊಟ್ಟು ಕೂತಿದ್ದರೆ ಅದನ್ನೂ ಕೇಳಿ.

ಬೇಲೇಕೇರಿಯವ:

ಇಬ್ಬರಿಗೂ ತುಂಬಾ ಉಪಕಾರ. 40 ಮೀಟರಿನ ಲೆಕ್ಕ ಅಮ್ಮನಿಗೆ ಓದಿ ಹೇಳಿದೆ. ಒಮ್ಮೆ ರಸ್ತೆಗೆ ಕೊಟ್ಟದ್ದು ಸಾಕು, ಮತ್ತೆ ದುಡ್ಡು ಕೊಟ್ಟು ರಸ್ತೆಗೇ ಜಾಗ ಬಿಡುವುದಾ ಅಂದರು. ಹಾಗಾಗಿ ಸದಾಶಿವಗಡ ಬಿಟ್ಟೆ. ಈಗ ಶಿರಸಿ ಬಗ್ಗೆ ಯಾರಾದರೂ ಹೇಳುತ್ತೀರಾ? ಬೆಲೆ ಕಡಿಮೆ ಇದೆ, ಊರು ಬೆಳೆಯುತ್ತಿರುವುದು ಕಣ್ಣಿಗೇ ಕಾಣುತ್ತದೆ. ಹುಬ್ಬಳ್ಳಿಯಿಂದ ನನಗೆ ಹತ್ತಿರವೂ ಹೌದು.

ಘಟ್ಟದ ಮೇಲಿನವಳು:

ನಮ್ಮದು ಶಿರಸಿ ಹತ್ತಿರದ ಅಡಿಕೆ ತೋಟದ ಮನೆ. ಪೇಟೆಯಲ್ಲಿ ಎರಡು ಮಳಿಗೆ ಇದೆ, ಒಂದು ಕೆಳಗೆ, ಒಂದು ಮೇಲೆ. ಎರಡರ ಲೆಕ್ಕವನ್ನೂ ನಾನೇ ಬರೆದಿಡುವುದು. ಅದಕ್ಕೇ ಹೇಳುತ್ತೇನೆ, ಅಣ್ಣ, ಮೊದಲ ಮಹಡಿ ಅಂದ ಕೂಡಲೇ ನನ್ನ ಜೀವ ಝಲ್ ಅಂದಿತು.

ಶಿರಸಿಯಲ್ಲಿ ಮಳೆ ಅಂದರೆ ನಾಲ್ಕು ತಿಂಗಳು. ಹಳ್ಳಿಯಿಂದ ಬಂದವರ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚೀಲ. ಅವರು ಒದ್ದೆ ಮೆಟ್ಟಿಲು ಹತ್ತಿ ಬಟ್ಟೆ ಕೊಳ್ಳುವುದಿಲ್ಲ. ಮೇಲಿನ ಮಳಿಗೆಗೆ ಬರುವ ಬಾಡಿಗೆದಾರರೇ ಬೇರೆ. ಟ್ಯೂಷನ್ನು, ಆಡಿಟರು, ವಿಮೆ ಆಫೀಸು, ಹೊಲಿಗೆ ಕ್ಲಾಸು. ಅವರೆಲ್ಲ ಒಳ್ಳೆಯ ಜನ, ಗಲಾಟೆ ಇಲ್ಲ, ಆದರೆ ಬಾಡಿಗೆ ಕೆಳಗಿನದರ ಅರ್ಧ. ಖಾಲಿ ಆದರೆ ತುಂಬಲು ತಡವಾಗುತ್ತದೆ. ನಮ್ಮ ಮೇಲಿನದು ಒಮ್ಮೆ ಹನ್ನೊಂದು ತಿಂಗಳು ಬೀಗ ಹಾಕಿಕೊಂಡೇ ಇತ್ತು. ಲಿಫ್ಟ್ ಇದ್ದರೆ ದಂತ ವೈದ್ಯರು, ಲ್ಯಾಬಿನವರು ಬರಬಹುದು. ನಿಮ್ಮ ಕಾಂಪ್ಲೆಕ್ಸಿನಲ್ಲಿ ಲಿಫ್ಟ್ ಇದೆಯಾ, ಅಥವಾ ಲಿಫ್ಟಿನ ಗುಂಡಿ ಮಾತ್ರ ಇದೆಯಾ?

ಊರು ಬೆಳೆಯುತ್ತಿದೆ, ಅದು ಖರೆ. ಸಿದ್ದಾಪುರ, ಯಲ್ಲಾಪುರ, ಬನವಾಸಿ, ಸೋಂದಾ ಎಲ್ಲ ಕಡೆಯವರಿಗೂ ಶಿರಸಿಯೇ ಪೇಟೆ. ಆದರೆ ಈ ಪೇಟೆ ನಿಂತಿರುವುದು ಅಡಿಕೆ ಮೇಲೆ. ಟೆಂಡರಿಗೆ ಅಡಿಕೆ ಬಿಟ್ಟು ದುಡ್ಡು ಕೈಗೆ ಬಂದ ಮೇಲೆ ಜನ ಫ್ರಿಜ್ ಕೊಳ್ಳುತ್ತಾರೆ, ಬಂಗಾರ ಕೊಳ್ಳುತ್ತಾರೆ, ಬೈಕ್ ಕೊಳ್ಳುತ್ತಾರೆ. ಕೊಳೆ ರೋಗ ಜೋರಾದ ವರ್ಷ, ಈಚೆಗೆ ಎಲೆಚುಕ್ಕಿ ಬೇರೆ ಬಂದಿದೆ, ಅಂಥ ವರ್ಷ ನಮ್ಮ ಬಾಡಿಗೆದಾರರೇ ಬಂದು ಅಕ್ಕಾ ಎರಡು ತಿಂಗಳು ತಡಕೊಳ್ಳಿ ಅನ್ನುತ್ತಾರೆ. ತಡಕೊಳ್ಳಲೇಬೇಕು, ಯಾಕೆಂದರೆ ನಮ್ಮ ತೋಟದ್ದೂ ಅದೇ ಕತೆ. ನಿಮ್ಮ ಅಮ್ಮನ ಔಷಧಿ ಎರಡು ತಿಂಗಳು ಕಾಯುವುದಿಲ್ಲ, ಅದನ್ನು ಯೋಚನೆ ಮಾಡಿ.

ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ಊರು ನೋಡಿ ಬೆಲೆ ಒಪ್ಪಬೇಡಿ, ಕಾಲಿಡಲು ಜಾಗ ಇರುವುದಿಲ್ಲ, ಯಾವ ಮೂಲೆಯೂ ಒಳ್ಳೆಯ ಜಾಗವಾಗಿಯೇ ಕಾಣುತ್ತದೆ. ಆಷಾಢದ ಒಂದು ಬುಧವಾರ ಬಂದು ನೋಡಿ. ಮಂಗಳವಾರ ಬೇಡ, ಅವತ್ತು ಸಂತೆ.

ಈಗ ದುಡ್ಡಿನ ಲೆಕ್ಕ, ಇದನ್ನು ಯಾವ ಏಜೆಂಟರೂ ಬರೆದು ಕೊಡುವುದಿಲ್ಲ. ನಿಮ್ಮ ಕಾರವಾರದ ಅಂಗಡಿಯನ್ನೇ ತಗೊಳ್ಳಿ. 38 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಎಲ್ಲ ಸೇರಿ ಶೇ. 7.6 ಹಿಡಿಯಿರಿ, ಸುಮಾರು 2 ಲಕ್ಷ 90 ಸಾವಿರ. ವಕೀಲರು, ಬಣ್ಣ, ವೈರಿಂಗ್ ಅಂತ ಇನ್ನೊಂದು ಲಕ್ಷ. ಹತ್ತಿರ ಹತ್ತಿರ 42 ಲಕ್ಷ ಆಯಿತು. ಬಾಡಿಗೆ ತಿಂಗಳಿಗೆ 15 ಸಾವಿರ ಅಂತಿಟ್ಟುಕೊಂಡು ವರ್ಷಕ್ಕೆ ಒಂದು ತಿಂಗಳು ಖಾಲಿ ಹಿಡಿದರೆ 1 ಲಕ್ಷ 65 ಸಾವಿರ. ನಗರಸಭೆ ತೆರಿಗೆ, ಶಟರ್, ರಿಪೇರಿ ಅಂತ 15 ಸಾವಿರ ತೆಗೆಯಿರಿ. ಉಳಿದದ್ದು ಒಂದೂವರೆ ಲಕ್ಷ. ನೂರಕ್ಕೆ ಮೂರೂವರೆಯ ಮೇಲೆ ಚೂರು, ಅಷ್ಟೇ. ನಿಮ್ಮ ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡುತ್ತದೆ. ಮಳಿಗೆಯ ಲಾಭ ಇರುವುದು ಬಾಡಿಗೆ ಏರುತ್ತಾ ಹೋಗುವುದರಲ್ಲಿ, ಜಾಗದ ಬೆಲೆಯಲ್ಲಿ. ಬಾಡಿಗೆ ಆದಾಯದಲ್ಲಿ ಶೇ. 30 ಕಳೆದು ಉಳಿದದ್ದಕ್ಕೆ ಮಾತ್ರ ಆದಾಯ ತೆರಿಗೆ, ಎಫ್‌ಡಿ ಬಡ್ಡಿಗೆ ಆ ರಿಯಾಯಿತಿ ಇಲ್ಲ. ಅದೂ ಲೆಕ್ಕಕ್ಕೆ ಬರಲಿ. ನನ್ನ ಅಭಿಪ್ರಾಯ ಕೇಳಿದರೆ ಎಲ್ಲ ದುಡ್ಡನ್ನೂ ಮಳಿಗೆಗೆ ಸುರಿಯಬೇಡಿ. ಕಡಿಮೆ ಅಂದರೂ ಒಂದು ವರ್ಷದ ಮನೆ ಖರ್ಚು ಬ್ಯಾಂಕಿನಲ್ಲೇ ಇರಲಿ.

ಕೊನೆಗೆ ಒಂದು. ಶಿರಸಿ ಸುತ್ತ ಅಗ್ಗಕ್ಕೆ ಜಾಗ ಸಿಗುತ್ತದೆ ಅಂತ ಯಾರಾದರೂ ಬೆಟ್ಟ ಭೂಮಿ ತೋರಿಸಿದರೆ ಓಡಿ ಬನ್ನಿ. ಬೆಟ್ಟ ಇರುವುದು ತೋಟಕ್ಕೆ ಸೊಪ್ಪು, ದರಕು ಅಂದರೆ ಒಣ ಎಲೆ ತರಲು. ಅದು ಅರಣ್ಯ, ಮಾರುವ ವಸ್ತು ಅಲ್ಲ. ಅತಿಕ್ರಮಣ ಜಾಗವೂ ಅಷ್ಟೇ.

ಅಲಗೇರಿ ಪಕ್ಕ:

ಎಲ್ಲರೂ ಅಂಗಡಿ ಅಂಗಡಿ ಅನ್ನುತ್ತಿದ್ದೀರಿ, ನನ್ನದು ಬೇರೆ ಅನುಭವ. ವಿಮಾನ ನಿಲ್ದಾಣ ಬರುತ್ತದೆ ಅಂತ ಆರು ವರ್ಷದ ಹಿಂದೆ ಅಂಕೋಲೆ ಹತ್ತಿರ ಖಾಲಿ ಜಾಗ ತಗೊಂಡೆ. ಬೆಲೆ ಏರಿದೆ ಅನ್ನುತ್ತಾರೆ, ಕೊಳ್ಳುವವರು ಮಾತ್ರ ಇನ್ನೂ ಬಂದಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು ಬರುತ್ತದೆ ಅಂತ ನಮ್ಮಪ್ಪನ ಕಾಲದಿಂದ ಕೇಳುತ್ತಿದ್ದೇವೆ. ಆ ಆಸೆಯಲ್ಲೇ ಜಾಗ ಹಿಡಿದು ಕೂತವರು ನನಗೆ ಗೊತ್ತು. ನನ್ನ ವಯಸ್ಸು 34, ನಾನು ಕಾಯಬಲ್ಲೆ. ನಿಮಗೆ ಮುಂದಿನ ತಿಂಗಳೇ ಬಾಡಿಗೆ ಬೇಕು. ಇಬ್ಬರ ಅವಶ್ಯಕತೆಯೂ ಬೇರೆ ಬೇರೆ. ಕೈಗಾದಲ್ಲಿ 5 ಮತ್ತು 6ನೇ ಘಟಕ, ತಲಾ 700 ಮೆಗಾವಾಟ್ ಬರುತ್ತಿದೆ, ಅದನ್ನೂ ತೋರಿಸಿ ಕಾರವಾರದಲ್ಲಿ ಬೆಲೆ ಹೇಳುವವರು ಇದ್ದಾರೆ. ಕೆಲಸಕ್ಕೆ ಬಂದವರು ಮೊದಲು ಹುಡುಕುವುದು ಮನೆ, ಅದೂ ಮಲ್ಲಾಪುರ ಕಡೆ. ಪೇಟೆಯ ಅಂಗಡಿಗೆ ಅದರಿಂದ ಎಷ್ಟು ಬರುತ್ತದೆ ಅಂತ ನೀವೇ ಯೋಚಿಸಿ.

ಬೇಲೇಕೇರಿಯವ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎರಡು ದಿನ ರಜೆ ಹಾಕಿ ಹೋಗಿದ್ದೆ.

ಶಿರಸಿಗೆ ಬುಧವಾರವೇ ಹೋದೆ. ಮಳೆ ಹೊಡೆಯುತ್ತಿತ್ತು. ಲಿಫ್ಟಿನ ಗುಂಡಿ ಮಾತ್ರ ಇತ್ತು, ಅದರೊಳಗೆ ಸಿಮೆಂಟ್ ಚೀಲ ಪೇರಿಸಿಟ್ಟಿದ್ದರು. ಒಂದೂವರೆ ಗಂಟೆ ಎದುರಿನ ಚಹಾ ಅಂಗಡಿಯಲ್ಲಿ ಕೂತೆ. ಮೆಟ್ಟಿಲು ಹತ್ತಿದವರು ನಾಲ್ಕು ಜನ. ಅದರಲ್ಲಿ ಇಬ್ಬರು ಮಳೆಗೆ ನಿಂತವರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಕಾರವಾರ. ಆ ಅಂಗಡಿ ಎದುರು ಹನ್ನೊಂದರ ತನಕ ನಿಂತೆ. ಎಣಿಸುವುದು ಬಿಟ್ಟೆ, ಅಷ್ಟು ಜನ. ಫೈಲ್ ಹಿಡಿದವರು, ಆಸ್ಪತ್ರೆಯ ಚೀಟಿ ಹಿಡಿದವರು. ಆದರೆ ಶಟರ್ ಇಳಿಸಿ ನೋಡಿದೆ, ಕಾಳಿದಂಡೆಯವರು ಹೇಳಿದ ಹಾಗೇ. ಹೊರಗೆ ನೀಲಿ ಬಣ್ಣ, ಒಳಗೆ ಕೆಳಗಿನ ಗೇಣುದ್ದ ತಗಡು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಪಕ್ಕದ ಇಡ್ಲಿಯವರನ್ನು ಕೇಳಿದರೆ ಜೋರು ಮಳೆಗೆ ಗಟಾರ ತುಂಬಿ ನೀರು ಒಳಗೆ ಬರುತ್ತದೆ, ವರ್ಷಕ್ಕೆ ಮೂರ್ನಾಲ್ಕು ಸಲ, ತಾಸೆರಡು ತಾಸಿನಲ್ಲಿ ಇಳಿಯುತ್ತದೆ ಅಂದರು. ಅವರು ಹಿಟ್ಟಿನ ಚೀಲವನ್ನೆಲ್ಲ ಕಲ್ಲಿನ ಕಟ್ಟೆ ಮೇಲೆ ಇಟ್ಟಿದ್ದಾರೆ. ಮಾಲೀಕರಿಗೆ ಇದನ್ನು ಹೇಳಿದ ಮೇಲೆ 38ರಿಂದ 34ಕ್ಕೆ ಇಳಿದಿದ್ದಾರೆ. ಇ-ಖಾತಾ ಇದೆ. ಋಣಭಾರ ಪತ್ರ ತೆಗೆಸಲು ಕೊಟ್ಟಿದ್ದೇನೆ. ಅಕ್ಕ ಮುಂಬಯಿಯಲ್ಲಲ್ಲ, ಪುಣೆಯಲ್ಲಿ ಒಬ್ಬರು ಇದ್ದಾರಂತೆ, ಸಹಿಗೆ ಬರುತ್ತಾರಂತೆ. ಅವರು ಬಂದು ಸಹಿ ಹಾಕುವ ತನಕ ಮುಂಗಡ ಕೊಡುವುದಿಲ್ಲ ಅಂತ ಹೇಳಿ ಬಂದಿದ್ದೇನೆ.

ಕೇಳಬೇಕಾದದ್ದು ಒಂದೇ. ಒಂದೂವರೆ ಅಡಿ ನೆಲ ಏರಿಸಿದರೆ ಸಾಕಾಗುತ್ತದಾ? ಚಾವಣಿ ಮೊದಲೇ ತಗ್ಗು ಇದೆ.

ಕಾಳಿದಂಡೆ:

ಒಂದೂವರೆ ಅಡಿ ಜಾಸ್ತಿ ಆಯಿತು, ಮುಂದೆ ಮೂರು ಮೆಟ್ಟಿಲು ಬರುತ್ತದೆ, ವಯಸ್ಸಾದವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ನಾನು ನನ್ನ ಅಂಗಡಿಗೆ ಒಂಬತ್ತು ಇಂಚು ಏರಿಸಿ, ಬಾಗಿಲ ಅಂಚಿಗೆ ಹಲಗೆ ಸಿಕ್ಕಿಸುವ ಕಚ್ಚು ಇಟ್ಟಿದ್ದೇನೆ. ಮಳೆ ಜೋರಾದರೆ ಹಲಗೆ ಇಳಿಸುವುದು, ಅಷ್ಟೇ. ಆರು ವರ್ಷದಿಂದ ಒಂದು ಕಾಗದ ಒದ್ದೆಯಾಗಿಲ್ಲ. ಈ ಭಾನುವಾರ ಬನ್ನಿ, ಸಂತೆ ದಿನ ಗಟಾರದ ಬಾಯಿ ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ತೋರಿಸುತ್ತೇನೆ. ನಮ್ಮ ಗಾರೆ ಕೆಲಸದವರನ್ನೂ ಕರೆದಿರುತ್ತೇನೆ.

ಬೇಲೇಕೇರಿಯವ:

ಭಾನುವಾರ ಎಂಟೂವರೆಗೆ ಬರುತ್ತೇನೆ. ಅಮ್ಮನೂ ಬರುತ್ತಾರಂತೆ, ಶಟರ್ ತಾವೇ ನೋಡಬೇಕಂತೆ.